ತೀರಿದ ವ್ಯಾಜ್ಯ ಯಾವುದು, ತೀರದ್ದು ಯಾವುದು?

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ವಕೀಲರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳ ಗೋಷ್ಠಿಯಲ್ಲಿ ಕಾನೂನಿನ ಒಂದು ವಿಷಯವನ್ನು ಎಲ್ಲರಿಗೂ ತಿಳಿಯುವಂತೆ ಹೇಳಬೇಕೆಂದು ಶ್ರೀಗಳು ಅಪ್ಪಣೆ ಮಾಡಿದರು. ಸಿವಿಲ್ ನ್ಯಾಯಾಲಯದಲ್ಲಿ ನನ್ನ ಕೆಲಸದ ಬಹುಪಾಲು ಹೋಗುವುದು ಮನೆತನದ ಆಸ್ತಿಯ ದಾವೆಗಳಲ್ಲಿ. ಆದ್ದರಿಂದ ಅಲ್ಲಿ ನನಗೆ ಮತ್ತೆ ಮತ್ತೆ ಎದುರಾಗುವ ಎರಡು ಪ್ರಶ್ನೆಗಳನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದನ್ನು ಸಾಮಾನ್ಯವಾಗಿ ಗಂಡುಮಕ್ಕಳು ಕೇಳುತ್ತಾರೆ. "ನಮ್ಮ ಅಪ್ಪನ ಕಾಲಕ್ಕೇ ಕೋರ್ಟಿನಲ್ಲಿ ಪಾಲಾಗಿದೆ ವಕೀಲ್ರೇ. ಕಾಕಾಂದಿರಿಗೆ ಒಳ್ಳೆ ಜಮೀನು ಹೋಯಿತು, ನಮಗೆ ಮಡ್ಡಿ ಉಳಿಯಿತು. ಅಪ್ಪ ಸರಿಯಾಗಿ ನಡೆಸಲಿಲ್ಲ. ಈಗ ನಾವು ಮತ್ತೆ ದಾವೆ ಹಾಕಬಹುದೇನ್ರಿ?" ಎರಡನೆಯದನ್ನು ಕೇಳುವವರು ಹೆಚ್ಚಾಗಿ ಕೊಟ್ಟ ಮನೆಯಿಂದ ಬಂದ ಹೆಣ್ಣುಮಕ್ಕಳು. "ಅಣ್ಣತಮ್ಮಂದಿರು ಕೋರ್ಟಿನಲ್ಲಿ ಹಂಚಿಕೊಂಡರಂತೆ. ನನಗೆ ನೋಟೀಸು ಬರಲಿಲ್ಲ, ಯಾರೂ ಹೇಳಲಿಲ್ಲ. ಈಗ ಕೇಳಿದರೆ, ತೀರ್ಪಾಗಿ ಹೋಗಿದೆ, ಇನ್ನು ಮಾತಿಲ್ಲ ಅನ್ನುತ್ತಾರೆ. ನನ್ನ ಬಾಯಿ ಕಟ್ಟಿದಂತೆಯೇನ್ರಿ?"

ಎರಡೂ ಪ್ರಶ್ನೆಗಳು ಕಾನೂನಿನ ಒಂದೇ ಕಲಮಿಗೆ ಸೇರಿದವು. ಮೊದಲನೆಯವರಿಗೆ ಬಹುಮಟ್ಟಿಗೆ "ಆಗದು" ಎಂದು ಹೇಳಬೇಕಾಗುತ್ತದೆ. ಎರಡನೆಯವರಿಗೆ "ಆ ತೀರ್ಪು ನಿಮ್ಮ ಬಾಯಿ ಕಟ್ಟುವುದಿಲ್ಲ" ಎಂದು ಹೇಳಲು ಅನೇಕ ಸಲ ಸಾಧ್ಯವಾಗುತ್ತದೆ. ಒಂದೇ ಕಲಮು ಒಬ್ಬರಿಗೆ ಬಾಗಿಲು ಮುಚ್ಚಿ ಇನ್ನೊಬ್ಬರಿಗೆ ತೆರೆದಿಡುವುದೇಕೆ? ಇದನ್ನು ತಿಳಿದುಕೊಂಡರೆ ನಮ್ಮ ಮನೆಗಳಲ್ಲಿ ಎಷ್ಟೋ ವ್ಯಾಜ್ಯಗಳು ಹುಟ್ಟುವುದೇ ಇಲ್ಲ.

ಆ ಕಲಮು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಸೆಕ್ಷನ್. ವಕೀಲರು ಲ್ಯಾಟಿನ್ ಭಾಷೆಯಲ್ಲಿ ಅದನ್ನು ರೆಸ್ ಜುಡಿಕೇಟಾ ಎನ್ನುತ್ತಾರೆ. ಕನ್ನಡದಲ್ಲಿ ಪೂರ್ವನಿರ್ಣಯದ ತಡೆ ಎನ್ನಬಹುದು. ಒಂದು ವಿಷಯವನ್ನು ಅಧಿಕಾರವುಳ್ಳ ನ್ಯಾಯಾಲಯ ಒಮ್ಮೆ ವಿಚಾರಿಸಿ ಅಂತಿಮವಾಗಿ ತೀರ್ಮಾನಿಸಿದರೆ, ಅದೇ ಜನರ ನಡುವೆ ಅದೇ ವಿಷಯವನ್ನು ಮತ್ತೊಂದು ದಾವೆಯಲ್ಲಿ ಎತ್ತುವಂತಿಲ್ಲ ಎಂಬುದು ಅದರ ಸಾರ. ಇದಕ್ಕೆ ಎರಡು ಕಾರಣ. ವ್ಯಾಜ್ಯಕ್ಕೆ ಒಂದು ಕೊನೆ ಇರಬೇಕು. ಅದು ಸಮಾಜದ ನೆಮ್ಮದಿಗೆ ಬೇಕು. ಒಬ್ಬ ಮನುಷ್ಯನನ್ನು ಒಂದೇ ವಿಷಯಕ್ಕೆ ಎರಡು ಸಲ ಕೋರ್ಟಿಗೆ ಎಳೆಯಬಾರದು. ಅದು ಆ ಮನುಷ್ಯನ ನೆಮ್ಮದಿಗೆ ಬೇಕು.

ಇದು ಇಂಗ್ಲಿಷರು ತಂದ ನಿಯಮ ಎಂದು ಅನೇಕರು ತಿಳಿದಿದ್ದಾರೆ. ನಮ್ಮ ನೆಲದಲ್ಲೂ ಇದು ಹಳೆಯದೇ. ಪ್ರತಿವಾದಿ ಕೊಡಬಹುದಾದ ನಾಲ್ಕು ಬಗೆಯ ಉತ್ತರಗಳಲ್ಲಿ ಪ್ರಾಙ್ನ್ಯಾಯವೂ ಒಂದು ಎಂದು ಧರ್ಮಶಾಸ್ತ್ರ ಗ್ರಂಥಗಳು ಹೇಳುತ್ತವೆ. ಈ ಮಾತಿನಲ್ಲಿ ನೀನು ಹಿಂದೆಯೇ ಸೋತಿದ್ದೀಯೆ ಎಂದು ತೋರಿಸಿಕೊಡುವ ಉತ್ತರವದು. ವಿಜ್ಞಾನೇಶ್ವರನ ಮಿತಾಕ್ಷರದಲ್ಲಿ ಇದರ ವಿವರಣೆ ಇದೆ. 1916ರಲ್ಲಿ ಲಂಡನ್ನಿನ ಪ್ರೀವಿ ಕೌನ್ಸಿಲ್ ಈ ನಿಯಮ ಭಾರತಕ್ಕೆ ಹೊಸದಲ್ಲ ಎಂದು ಹೇಳುವಾಗ ಮಿತಾಕ್ಷರವನ್ನೇ ನೆನೆಯಿತು.

ಮಿತಾಕ್ಷರ ಹುಟ್ಟಿದ್ದು ಎಲ್ಲಿ? ನಮ್ಮ ಕಲ್ಯಾಣದಲ್ಲಿ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಮುಂದೆ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಬಸವಣ್ಣನವರು, ಅಲ್ಲಮಪ್ರಭುಗಳು, ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ ಸೇರಿದರು. ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಬರುವುದು ಮಗನಿಗೆ, ಮಗಳಿಗಿಲ್ಲ. ಶರಣರ ಅನುಭವ ಮಂಟಪದಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲದೆ ಕುಳಿತು ಮಾತಾಡಿದರು. ಒಂದೇ ಊರಿನ ಈ ಎರಡು ಪರಂಪರೆಗಳಲ್ಲಿ ನಾವು ಲಿಂಗವನ್ನು ಶರಣರಿಂದ ತೆಗೆದುಕೊಂಡೆವು, ಹೊಲಮನೆಯ ಲೆಕ್ಕವನ್ನು ಮಾತ್ರ ಮಿತಾಕ್ಷರದಂತೆಯೇ ಮಾಡುತ್ತ ಬಂದೆವು. ಇಂದಿನ ನನ್ನ ಮಾತಿಗೂ ಇದಕ್ಕೂ ಸಂಬಂಧವಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ತಡೆ ಯಾವಾಗ ಬೀಳುತ್ತದೆ ಎಂಬುದನ್ನು ನೋಡೋಣ. ಐದು ಸಂಗತಿಗಳು ಕೂಡಿ ಬರಬೇಕು.

ಒಂದು, ಈಗಿನ ದಾವೆಯ ವಿಷಯ ಹಿಂದಿನ ದಾವೆಯಲ್ಲೂ ನೇರವಾಗಿ, ಮುಖ್ಯವಾಗಿ ವಿವಾದದಲ್ಲಿ ಇದ್ದಿರಬೇಕು. ಮಾತಿನ ನಡುವೆ ಬಂದು ಹೋದದ್ದು ಸಾಲದು. ಎರಡು, ಅದೇ ಪಕ್ಷಗಾರರು ಇರಬೇಕು, ಇಲ್ಲವೇ ಅವರ ಮೂಲಕ ಹಕ್ಕು ಪಡೆದವರು ಇರಬೇಕು. ಮೂರು, ಅವರು ಅದೇ ಹಕ್ಕಿನ ನೆಲೆಯಿಂದ ಹೋರಾಡಿರಬೇಕು. ನಾಲ್ಕು, ಹಿಂದಿನ ನ್ಯಾಯಾಲಯಕ್ಕೆ ಆ ವಿಷಯ ತೀರ್ಮಾನಿಸುವ ಅಧಿಕಾರ ಇದ್ದಿರಬೇಕು. ಐದು, ವಿಚಾರಣೆಯಾಗಿ ಅಂತಿಮ ತೀರ್ಮಾನ ಆಗಿರಬೇಕು.

ಕಾಕಾಂದಿರ ವಿಷಯ ಹೇಳಿದ ಆ ಮಗನಿಗೆ ಇದನ್ನು ಹಚ್ಚಿ ನೋಡಿ. ಅವನ ಅಪ್ಪ ಆ ದಾವೆಯಲ್ಲಿ ಪಕ್ಷಗಾರನಾಗಿದ್ದ. ಯಾವ ಜಮೀನು ಯಾರಿಗೆ ಎಂಬುದೇ ವಿವಾದವಾಗಿತ್ತು. ಸಾಕ್ಷಿ ನಡೆದು ತೀರ್ಪಾಯಿತು. ಮೇಲ್ಮನವಿ ಹೋಗಲಿಲ್ಲ, ಅಥವಾ ಹೋಗಿ ಸೋತಿತು. ಮಗ ಈಗ ಕೇಳುತ್ತಿರುವುದು ಅಪ್ಪನ ಮೂಲಕ ಬಂದ ಪಾಲನ್ನು. ಹಾಗಾದರೆ ಅಪ್ಪನಿಗೆ ಬಿದ್ದ ತಡೆ ಮಗನಿಗೂ ಬೀಳುತ್ತದೆ. ಅಪ್ಪನಿಂದ ಆ ಜಮೀನು ಕೊಂಡವನಿಗೂ ಬೀಳುತ್ತದೆ. "ಆ ತೀರ್ಪೇ ತಪ್ಪು" ಎಂದರೂ ನಡೆಯದು. ತಪ್ಪಿದ್ದರೆ ಅದನ್ನು ತಿದ್ದಿಸುವ ದಾರಿ ಮೇಲ್ಮನವಿ. ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ. ಆ ಗಡುವು ದಾಟಿದರೆ ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸಬೇಕು. ಹೊಸ ದಾವೆ ಹಾಕಿ ಹಳೆ ತೀರ್ಪಿನ ತಪ್ಪು ತೋರಿಸಲು ಬರುವುದಿಲ್ಲ.

ಹೀಗೆ ಹೇಳಿದಾಗ ಕಕ್ಷಿದಾರರು ಇನ್ನೊಂದು ದಾರಿ ಹುಡುಕುತ್ತಾರೆ. "ಆಗ ನಾವು ಈ ಅಂಶ ಎತ್ತಿರಲಿಲ್ಲ. ಈಗ ಹೊಸ ಅಂಶದ ಮೇಲೆ ಹಾಕೋಣ." ಸೆಕ್ಷನ್ 11ರ ನಾಲ್ಕನೆಯ ವಿವರಣೆ ಇದನ್ನೂ ಮುಚ್ಚಿದೆ. ಹಿಂದಿನ ದಾವೆಯಲ್ಲಿ ಎತ್ತಬಹುದಾಗಿದ್ದ, ಎತ್ತಲೇಬೇಕಾಗಿದ್ದ ವಾದವನ್ನು ಎತ್ತದೆ ಬಿಟ್ಟರೆ, ಅದನ್ನೂ ಎತ್ತಿ ಸೋತಂತೆಯೇ ಕಾನೂನು ಲೆಕ್ಕ ಹಿಡಿಯುತ್ತದೆ. ಒಬ್ಬ ತಮ್ಮ ಪಾಲು ಕೇಳಿ ದಾವೆ ಹಾಕಿದ ಎಂದಿಟ್ಟುಕೊಳ್ಳಿ. ಅಣ್ಣ ಈ ಜಮೀನು ನನ್ನ ಸ್ವಂತ ದುಡಿಮೆಯದು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅದು ಕೂಡು ಕುಟುಂಬದ ಆಸ್ತಿ ಎಂದು ತೀರ್ಪಾಯಿತು. ಹತ್ತು ವರ್ಷದ ಮೇಲೆ ಅಣ್ಣ ಬಂದು ಅದು ನನ್ನ ಸ್ವಂತದ್ದು ಎಂದು ಹೊಸ ದಾವೆ ಹಾಕಿದರೆ ಕೋರ್ಟು ಕೇಳುವುದಿಲ್ಲ. ಆದ್ದರಿಂದ ಮೊದಲ ದಾವೆಯಲ್ಲೇ ಇರುವುದೆಲ್ಲವನ್ನೂ ಹೇಳಬೇಕು.

ಇನ್ನು ತಡೆ ಬೀಳದ ಸಂದರ್ಭಗಳು. ಇಲ್ಲಿ ಜನ ಬಹಳ ಮೋಸ ಹೋಗುತ್ತಾರೆ. ತೀರ್ಪೇ ಅಲ್ಲದ್ದನ್ನು ತೀರ್ಪು ಎಂದು ತೋರಿಸಿ ಹೆದರಿಸುವವರಿದ್ದಾರೆ.

ತಹಶೀಲ್ದಾರರ ಕಚೇರಿಯಲ್ಲಿ ವಾರಸಾ ಆಗಿ ಉತಾರದಲ್ಲಿ ಅಣ್ಣತಮ್ಮಂದಿರ ಹೆಸರು ಬಂದಿದೆ. ಅಷ್ಟಕ್ಕೇ ಅಕ್ಕತಂಗಿಯರ ಹಕ್ಕು ಹೋಗುವುದಿಲ್ಲ. ಪಹಣಿಯ ನಮೂದು ಕಂದಾಯದ ವ್ಯವಹಾರಕ್ಕೆ ಇರುವಂಥದ್ದು. ತಿದ್ದುಪಡಿ ಆಗುವವರೆಗೆ ಅದು ಸರಿ ಎಂದು ಭಾವಿಸುತ್ತಾರೆ, ಅಷ್ಟೇ. ಅದರಿಂದ ಹಕ್ಕು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಹಕ್ಕಿನ ಪ್ರಶ್ನೆಗೆ ಸಿವಿಲ್ ಕೋರ್ಟಿಗೆ ಹೋಗಬಹುದು ಎಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 135ನೇ ಸೆಕ್ಷನ್ನಿನಲ್ಲೇ ಇದೆ.

ಎರಡನೆಯದು, ಬರೀ ತಡೆಯಾಜ್ಞೆಯ ದಾವೆ. ಒಬ್ಬ ತಮ್ಮ, "ನಾನು ಉಳುತ್ತಿರುವ ಹೊಲಕ್ಕೆ ಅಣ್ಣ ಬರದಂತೆ ತಡೆಯಿರಿ" ಎಂದು ಕೇಳಿ ಗೆದ್ದ. ಅಲ್ಲಿ ನೋಡಿದ್ದು ಸ್ವಾಧೀನ ಯಾರದು ಎಂಬುದನ್ನು. ಹಕ್ಕಿನ ಪ್ರಶ್ನೆ ನೇರವಾಗಿ ಎದ್ದು, ಅದರ ಮೇಲೆ ಸಾಕ್ಷಿ ನಡೆದು ತೀರ್ಮಾನ ಆಗಿರದಿದ್ದರೆ, ಮುಂದಿನ ಪಾಲಿನ ದಾವೆಗೆ ಅದು ಅಡ್ಡ ಬಾರದು.

ಮೂರನೆಯದು, ಗೈರುಹಾಜರಿಗಾಗಿ ವಜಾ ಆದ ದಾವೆ. ವಿಚಾರಣೆಯೇ ನಡೆಯದಿದ್ದರೆ ತೀರ್ಮಾನ ಎಲ್ಲಿಂದ ಬರಬೇಕು? ಅದಕ್ಕೆ ಬೇರೆ ನಿಯಮಗಳ ಅಡ್ಡಿ ಬರಬಹುದು. ಆದ್ದರಿಂದ 30 ದಿನದೊಳಗೆ ಅರ್ಜಿ ಕೊಟ್ಟು ಅದೇ ದಾವೆಯನ್ನು ಮತ್ತೆ ಊರ್ಜಿತಗೊಳಿಸಿಕೊಳ್ಳುವುದು ಜಾಣತನ. ಆದರೆ ಏಕಪಕ್ಷೀಯ ಡಿಕ್ರಿ ಹಾಗಲ್ಲ. ಸಮನ್ಸು ಸರಿಯಾಗಿ ತಲುಪಿದ್ದರೂ ನೀವು ಹೋಗದೆ ಮನೆಯಲ್ಲಿ ಕುಳಿತರೆ, ಎದುರಿಗಿದ್ದವರ ಸಾಕ್ಷಿ ಕೇಳಿ ಕೋರ್ಟು ಕೊಟ್ಟ ಡಿಕ್ರಿ ನಿಮ್ಮನ್ನು ಕಟ್ಟುತ್ತದೆ. "ತವರು ಮನೆ ಮೇಲೆ ಕೋರ್ಟು ಹತ್ತುವುದು ಬೇಡ" ಎಂದು ಸಮನ್ಸನ್ನು ದೇವರ ಜಗಲಿಯ ಮೇಲೆ ಇಟ್ಟು ಸುಮ್ಮನಿರುವ ತಾಯಂದಿರು ಈ ಮಾತನ್ನು ನೆನಪಿಡಬೇಕು. ಕೋರ್ಟು ಕರೆದಾಗ ಹೋಗುವುದು ಜಗಳವಲ್ಲ.

ನಾಲ್ಕನೆಯದು ರಾಜಿ ಡಿಕ್ರಿ. ಕೋರ್ಟಿನ ಮುಂದೆ ಸಹಿ ಹಾಕಿ ರಾಜಿ ಮಾಡಿಕೊಂಡವರು ಆಮೇಲೆ ಅದನ್ನು ಪ್ರಶ್ನಿಸಲು ಬೇರೆ ದಾವೆ ಹಾಕುವಂತಿಲ್ಲ. ಮೋಸದಿಂದ ಸಹಿ ಪಡೆದಿದ್ದರೆ ಅದೇ ಕೋರ್ಟಿನ ಮುಂದೆ ಹೋಗಬೇಕು. ರಾಜಿಯಲ್ಲಿ ಅಪ್ರಾಪ್ತ ಮಕ್ಕಳ ಪಾಲು ಇದ್ದರೆ ಕೋರ್ಟಿನ ಅನುಮತಿ ಬೇಕೇ ಬೇಕು. ಅನುಮತಿ ಇಲ್ಲದೆ ಮಾಡಿದ ರಾಜಿಯನ್ನು ಆ ಮಕ್ಕಳು ಪ್ರಶ್ನಿಸಬಹುದು.

ಐದನೆಯದು ಮೋಸ. ದಾಖಲೆ ಮುಚ್ಚಿಟ್ಟು, ಕೋರ್ಟಿಗೇ ವಂಚಿಸಿ ಪಡೆದ ಡಿಕ್ರಿ ಡಿಕ್ರಿಯೇ ಅಲ್ಲ. ಒಬ್ಬ ತಾನೇ ಬರೆದುಕೊಟ್ಟಿದ್ದ ಹಕ್ಕುಬಿಡುಗಡೆ ಪತ್ರವನ್ನು ಮುಚ್ಚಿಟ್ಟು ಪಾಲಿನ ಡಿಕ್ರಿ ಪಡೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1993ರಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. ಆದರೆ "ಮೋಸ" ಎಂಬ ಪದ ಬಾಯಲ್ಲಿ ಹೇಳಿದರೆ ಆಗದು. ಏನು ಮೋಸ, ಯಾರು ಮಾಡಿದರು, ಹೇಗೆ ಎಂಬುದನ್ನು ಬರೆದು ರುಜುವಾತು ಮಾಡಬೇಕು.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಅಣ್ಣತಮ್ಮಂದಿರ ನಡುವೆ ಡಿಕ್ರಿ ಆಗಿದೆ, ತಂಗಿ ಪಕ್ಷಗಾರಳಾಗಿರಲಿಲ್ಲ. ಅವಳಿಗೆ ತಡೆ ಬೀಳುತ್ತದೆಯೇ?

ಅಣ್ಣತಮ್ಮಂದಿರು ಒಂದು ವಾದ ಹೂಡುತ್ತಾರೆ. "ಹಿರಿಯ ಅಣ್ಣ ಮನೆಯ ಯಜಮಾನ. ಅವನು ಎಲ್ಲರ ಪರವಾಗಿ ನಡೆಸಿದ್ದಾನೆ. ಆದ್ದರಿಂದ ತಂಗಿಗೂ ಅದು ಅನ್ವಯ." ಈ ವಾದದಲ್ಲಿ ಅರ್ಧ ಸತ್ಯವಿದೆ. ಹೊರಗಿನವರೊಬ್ಬರು ಮನೆತನದ ಜಮೀನು ತಮ್ಮದೆಂದು ಬಂದಾಗ, ಯಜಮಾನನು ಪ್ರಾಮಾಣಿಕವಾಗಿ ಎಲ್ಲರ ಪರವಾಗಿ ಹೋರಾಡಿ ಸೋತರೆ, ಆ ಸೋಲು ಮನೆಯ ಎಲ್ಲರಿಗೂ ತಟ್ಟುತ್ತದೆ. ಸೆಕ್ಷನ್ 11ರ ಆರನೆಯ ವಿವರಣೆಗೆ ಇದು ಹೊಂದುತ್ತದೆ. ಆದರೆ ಮನೆಯೊಳಗೇ ಪಾಲು ಮಾಡುವಾಗ ಅಣ್ಣನಿಗೆ ಸಿಗುವ ಪ್ರತಿ ಗುಂಟೆ ತಂಗಿಯ ಪಾಲಿನಿಂದ ಕಡಿಮೆಯಾಗುತ್ತದೆ. ಇಬ್ಬರ ಹಿತವೂ ಎದುರುಬದುರು ನಿಂತಾಗ ಒಬ್ಬರು ಇನ್ನೊಬ್ಬರ ಪರವಾಗಿ ನಿಂತೆ ಎನ್ನುವುದು ಹೇಗೆ? ತನ್ನನ್ನು ಕರೆಯದ, ತನ್ನ ಮಾತು ಕೇಳದ ದಾವೆಯ ತೀರ್ಪು ತಂಗಿಯನ್ನು ಪೂರ್ವನಿರ್ಣಯದಿಂದ ಕಟ್ಟುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ತೀರ್ಪು ಕಟ್ಟುವುದಿಲ್ಲ ಎಂದಮಾತ್ರಕ್ಕೆ ಪಾಲು ಸಿಕ್ಕಿತೆಂದಲ್ಲ. ಅವಳಿಗೆ ಆಗ ಹಕ್ಕು ಇತ್ತೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ವಾರಸಾ ಕಾನೂನು ನೋಡಬೇಕು. ಕೂಡು ಕುಟುಂಬದ ಆಸ್ತಿಯಿಂದ ತನ್ನನ್ನು ಹೊರಗಿಟ್ಟರೆಂದು ತಿಳಿದ 12 ವರ್ಷದೊಳಗೆ ದಾವೆ ಹಾಕಬೇಕೆಂಬ ಕಾಲಮಿತಿಯೂ ಇದೆ.

ಲಿಂಗಾಯತರಿಗೆ ಯಾವ ವಾರಸಾ ಕಾನೂನು ಎಂದು ಕೆಲವು ಯುವಕರು ಕೇಳುತ್ತಾರೆ. ಪ್ರತ್ಯೇಕ ಧರ್ಮದ ಮಾನ್ಯತೆಯ ಚರ್ಚೆ ನಡೆದಿರುವಾಗ ಈ ಪ್ರಶ್ನೆ ಸಹಜ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 2ನೇ ಸೆಕ್ಷನ್ನು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಬರೆದು ನಮ್ಮನ್ನು ಅದರಡಿ ತಂದಿದೆ. ಬೌದ್ಧರು, ಜೈನರು, ಸಿಖ್ಖರು ಬೇರೆ ಧರ್ಮದವರಾದರೂ ಅವರಿಗೂ ಇದೇ ಕಾಯ್ದೆ. ಆದ್ದರಿಂದ ಧರ್ಮದ ಮಾನ್ಯತೆಯ ಮಾತು ಹೇಳಿ ಮನೆಮಗಳ ಪಾಲನ್ನು ತಪ್ಪಿಸಲು ಬರುವುದಿಲ್ಲ.

ಈ ಕಾಯ್ದೆಯಲ್ಲಿ ತಂದೆಯ ಸ್ವಯಾರ್ಜಿತ ಆಸ್ತಿಗೆ, ಅವರು ಮರಣಪತ್ರ ಬರೆಯದೆ ತೀರಿಕೊಂಡರೆ, 1956ರಿಂದಲೂ ಮಗ ಮಗಳು ಸಮಾನ ವಾರಸುದಾರರು. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನ ಹಕ್ಕು ಮಾತ್ರ ಗಂಡುಮಕ್ಕಳದೇ ಆಗಿ ಉಳಿಯಿತು. ಕರ್ನಾಟಕವು ತನ್ನ ತಿದ್ದುಪಡಿಯ ಮೂಲಕ 1994ರ ಜುಲೈ 30ರಿಂದ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಆ ಹಕ್ಕು ಕೊಟ್ಟಿತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ, ಮದುವೆಯಾಗಿರಲಿ ಬಿಡಲಿ, ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. ಕಲ್ಯಾಣದಲ್ಲಿ ಬರೆದ ಮಿತಾಕ್ಷರ ಗಂಡಿಗೆ ಮಾತ್ರ ಕೊಟ್ಟಿದ್ದ ಹುಟ್ಟಿನ ಹಕ್ಕು ಹೀಗೆ ಹೆಣ್ಣಿಗೂ ಬಂತು. ಅನುಭವ ಮಂಟಪದ ಮಕ್ಕಳಾದ ನಾವು ಈ ಕಾನೂನಿಗಿಂತ ಮೊದಲೇ ಈ ಕೆಲಸ ಮಾಡಬೇಕಿತ್ತು.

ಹೊಸ ಕಾನೂನು ಬಂದಾಗ ಹಳೆ ತೀರ್ಪುಗಳ ಗತಿ ಏನು? ಇಲ್ಲಿ ಎರಡು ನ್ಯಾಯಗಳು ಎದುರಾಗುತ್ತವೆ. ತೀರಿದ್ದು ತೀರಿರಬೇಕು ಎಂಬುದೊಂದು. ಹೆಣ್ಣುಮಗಳಿಗೆ ಹೊಸದಾಗಿ ಬಂದ ಹಕ್ಕು ವ್ಯರ್ಥವಾಗಬಾರದು ಎಂಬುದು ಇನ್ನೊಂದು. ಸಂಸತ್ತು ಒಂದು ಗೆರೆ ಎಳೆಯಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದ ಮೂಲಕವೋ ಕೋರ್ಟಿನ ಡಿಕ್ರಿಯ ಮೂಲಕವೋ ಆಗಿಹೋದ ಪಾಲನ್ನು ಹೊಸ ಹಕ್ಕಿನ ಹೆಸರಿನಲ್ಲಿ ಕೆದಕುವಂತಿಲ್ಲ. "ನಾವು ಬಾಯಿಮಾತಿನಲ್ಲಿ ಎಂದೋ ಹಂಚಿಕೊಂಡಿದ್ದೆವು" ಎಂಬ ಮಾತು ಸಾಮಾನ್ಯವಾಗಿ ಸಾಲದು.

ಇಲ್ಲಿ ಪಾಲಿನ ದಾವೆಯ ಒಂದು ವೈಶಿಷ್ಟ್ಯವನ್ನು ತಿಳಿಯಬೇಕು. ಅದರಲ್ಲಿ ಎರಡು ಹಂತಗಳಿವೆ. ಯಾರಿಗೆ ಎಷ್ಟು ಪಾಲು ಎಂದು ಹೇಳುವುದು ಪ್ರಾಥಮಿಕ ಡಿಕ್ರಿ. ಅಳತೆ ಮಾಡಿ, ಇದು ನಿನಗೆ, ಅದು ಅವನಿಗೆ ಎಂದು ಬೇರೆ ಬೇರೆ ಮಾಡಿಕೊಡುವುದು ಅಂತಿಮ ಡಿಕ್ರಿ. ಪ್ರಾಥಮಿಕ ಡಿಕ್ರಿ ಅದರಲ್ಲಿ ತೀರ್ಮಾನಿಸಿದ ವಿಷಯಗಳ ಮಟ್ಟಿಗೆ ಗಟ್ಟಿಯೇ. ಅದರ ಮೇಲೆ ಮೇಲ್ಮನವಿ ಹೋಗದವರು ಅಂತಿಮ ಡಿಕ್ರಿಯ ಮೇಲಿನ ಮೇಲ್ಮನವಿಯಲ್ಲಿ ಅದನ್ನು ಪ್ರಶ್ನಿಸುವಂತಿಲ್ಲ. ಆದರೆ ಅಂತಿಮ ಡಿಕ್ರಿ ಆಗುವವರೆಗೆ ದಾವೆ ಜೀವಂತವಾಗಿರುತ್ತದೆ. ಅಷ್ಟರಲ್ಲಿ ಯಾರಾದರೂ ತೀರಿಕೊಂಡರೆ, ಕಾನೂನು ಬದಲಾದರೆ, ಕೋರ್ಟು ಪಾಲಿನ ಲೆಕ್ಕವನ್ನು ತಿದ್ದಬಹುದು. ಕರ್ನಾಟಕದ ಒಂದು ಮನೆತನದಲ್ಲಿ ಪ್ರಾಥಮಿಕ ಡಿಕ್ರಿ ಆದ ಮೇಲೆ, ಅಂತಿಮ ಡಿಕ್ರಿಗೆ ಮುಂಚೆ, 1994ರ ತಿದ್ದುಪಡಿ ಬಂತು. ಮದುವೆಯಾಗಿರದ ಮಗಳು ಹೆಚ್ಚಿನ ಪಾಲು ಕೇಳಿದಳು. ಹಳೆ ಡಿಕ್ರಿ ಅವಳಿಗೆ ಅಡ್ಡ ಬರುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಇನ್ನೊಂದು ಪ್ರಕರಣ ಕೇಳಿ. ಅದೂ ನಮ್ಮ ಕರ್ನಾಟಕದ್ದೇ. ತಂದೆ 2001ರಲ್ಲಿ ತೀರಿಕೊಂಡರು. ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಉಳಿದರು. 2002ರಲ್ಲಿ ಮೊಮ್ಮಗನೊಬ್ಬ ಪಾಲಿನ ದಾವೆ ಹಾಕಿದ. ಹೆಣ್ಣುಮಕ್ಕಳನ್ನೂ ಪಕ್ಷಗಾರರನ್ನಾಗಿ ಮಾಡಿದ. 2007ರಲ್ಲಿ ವಿಚಾರಣಾ ನ್ಯಾಯಾಲಯ, ಈ ಹೆಣ್ಣುಮಕ್ಕಳು 1956ಕ್ಕಿಂತ ಮೊದಲು ಹುಟ್ಟಿದವರು, ಇವರಿಗೆ ಪಾಲಿಲ್ಲ ಎಂದಿತು. ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಅವರು ಬಿಡಲಿಲ್ಲ, ಸುಪ್ರೀಂ ಕೋರ್ಟಿನವರೆಗೆ ಹೋದರು. 2018ರ ಫೆಬ್ರವರಿ 1ರಂದು ಇಬ್ಬರಿಗೂ ತಲಾ ಐದನೇ ಒಂದು ಪಾಲು ಸಿಕ್ಕಿತು.

2007ರಲ್ಲಿ ಆ ಅಕ್ಕತಂಗಿಯರು "ಹೋಗಲಿ ಬಿಡು, ಕೋರ್ಟೇ ಇಲ್ಲ ಅಂದಿತು" ಎಂದು ಮನೆಗೆ ಮರಳಿದ್ದರೆ ಏನಾಗುತ್ತಿತ್ತು? ಅವರನ್ನು ಕೋರ್ಟು ಕರೆದಿತ್ತು, ಕೇಳಿತ್ತು, ತೀರ್ಮಾನ ಕೊಟ್ಟಿತ್ತು. ಮೇಲ್ಮನವಿಯ ಗಡುವು ಕಳೆದು, ಅಂತಿಮ ಡಿಕ್ರಿಯೂ ಆಗಿಹೋಗಿದ್ದರೆ ಆ ತಪ್ಪು ತೀರ್ಮಾನವೇ ಅವರನ್ನು ಕಟ್ಟಿಹಾಕುತ್ತಿತ್ತು. ಆಮೇಲೆ ಯಾರದೋ ಬೇರೆ ಪ್ರಕರಣದಲ್ಲಿ ಕಾನೂನು ಸರಿಯಾಗಿ ಬಂದರೂ ಅವರ ಬಾಗಿಲು ತೆರೆಯುತ್ತಿರಲಿಲ್ಲ. ಅವರಿಗೆ ಆಸ್ತಿ ಉಳಿದದ್ದು ಗಡುವಿನೊಳಗೆ ಹಾಕಿದ ಮೇಲ್ಮನವಿಯಿಂದ. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರ ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಇನ್ನಷ್ಟು ಸ್ಪಷ್ಟಪಡಿಸಿತು. ನಡೆಯುತ್ತಿರುವ ದಾವೆಗಳಲ್ಲಿ, ಪ್ರಾಥಮಿಕ ಡಿಕ್ರಿ ಆಗಿದ್ದರೂ ಸಹ, ಹೆಣ್ಣುಮಕ್ಕಳಿಗೆ ಸಮಪಾಲು ಕೊಡಬೇಕೆಂದೂ ಹೇಳಿತು.

ಶರಣ ಬಂಧುಗಳೇ, ಇಷ್ಟು ಹೇಳಿದ್ದರ ತಿರುಳು ಒಂದೇ. ತೀರ್ಪಿಗೆ ಬಾಗಿಲು ಮುಚ್ಚುವ ಶಕ್ತಿ ಬರುವುದು ಕೇಳಿದ್ದರಿಂದ. ಕೇಳಿಸಿಕೊಂಡವನು ಸೋತರೂ ಒಪ್ಪಬೇಕು. ಕೇಳಿಸಿಕೊಳ್ಳದವಳಿಗೆ "ಮುಗಿಯಿತು" ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಸೆಕ್ಷನ್ 11ರಲ್ಲಿ ಇರುವ ಈ ವಿವೇಕ ಶರಣರಿಗೆ ಹೊಸದಲ್ಲ. ಎಲ್ಲರನ್ನೂ ಕೂಡಿಸಿಕೊಂಡು, ಎಲ್ಲರ ಮಾತು ಕೇಳಿ, ಆಮೇಲೆ ನಿಲುವಿಗೆ ಬರುವುದನ್ನೇ ಅವರು ಮಾಡಿದರು.

ಇದರಿಂದ ನಾವು ಮಾಡಬೇಕಾದದ್ದೇನು? ಕೆಲವು ಮಾತು ಹೇಳುತ್ತೇನೆ.

ಪಾಲಿನ ದಾವೆ ಹಾಕುವವರು ಎಲ್ಲ ಆಸ್ತಿಯನ್ನೂ, ಎಲ್ಲ ವಾರಸುದಾರರನ್ನೂ ಮೊದಲ ದಿನವೇ ತನ್ನಿ. ಅಕ್ಕತಂಗಿಯರ ಹೆಸರು ಬಿಟ್ಟು ಪಡೆದ ಡಿಕ್ರಿ ನಿಮ್ಮ ಮಕ್ಕಳ ಕಾಲಕ್ಕೆ ಮತ್ತೊಂದು ದಾವೆಯ ಬೀಜವಾಗುತ್ತದೆ. ಅವರನ್ನು ಬಿಟ್ಟರೆ ಲಾಭ ಎಂದು ತಿಳಿಯುವವರು ಇದನ್ನು ಯೋಚಿಸಿ: ಅವರನ್ನು ಸೇರಿಸಿದ ತೀರ್ಪು ಮಾತ್ರ ನಿಮಗೆ ನಿಜವಾದ ನೆಮ್ಮದಿ ಕೊಡುತ್ತದೆ.

ಹಳೆ ತೀರ್ಪು ಇದೆ ಎಂದು ಯಾರಾದರೂ ಹೇಳಿದರೆ ಬರೀ ಡಿಕ್ರಿಯ ಪ್ರತಿ ನೋಡಿ ಹೆದರಬೇಡಿ, ಧೈರ್ಯವನ್ನೂ ತಂದುಕೊಳ್ಳಬೇಡಿ. ದಾವಾಪತ್ರ, ಪ್ರತಿವಾದಪತ್ರ, ಕೋರ್ಟು ರೂಪಿಸಿದ ವಿವಾದಾಂಶಗಳು, ತೀರ್ಪು ಇವೆಲ್ಲದರ ದೃಢೀಕೃತ ಪ್ರತಿ ತೆಗೆಸಿ. ಆಗ ಏನು ವಿವಾದವಿತ್ತು, ಯಾರು ಇದ್ದರು, ಏನು ತೀರ್ಮಾನವಾಯಿತು ಎಂಬುದು ಇವುಗಳಲ್ಲೇ ಇರುತ್ತದೆ. ಕೋರ್ಟೂ ಇವನ್ನೇ ನೋಡುತ್ತದೆ. ಹಿಂದಿನ ದಾವೆಯ ಈ ಕಾಗದಗಳನ್ನು ಪರಿಶೀಲಿಸಬೇಕಾದ್ದರಿಂದಲೇ, ಪೂರ್ವನಿರ್ಣಯವಿದೆ ಎಂದು ಹೊಸ ದಾವಾಪತ್ರವನ್ನು ಬಾಗಿಲಲ್ಲೇ ತಿರಸ್ಕರಿಸುವುದು ಸಾಮಾನ್ಯವಾಗಿ ಸರಿಯಲ್ಲ ಎಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. ಅದೂ ಕರ್ನಾಟಕದ ಪ್ರಕರಣವೇ.

ತಾಯಂದಿರಿಗೆ ಒಂದು ಮಾತು. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ನ್ಯಾಯಾಲಯದ ಆವರಣದಲ್ಲೇ ಅದರ ಸಮಿತಿ ಇರುತ್ತದೆ. ಹಕ್ಕುಬಿಡುಗಡೆ ಪತ್ರಕ್ಕೆ ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಪ್ರೀತಿಯಿಂದ ಅಣ್ಣನಿಗೆ ಬಿಟ್ಟುಕೊಡುವುದು ನಿಮ್ಮ ಇಚ್ಛೆ; ಆದರೆ ಎಷ್ಟು ಬಿಡುತ್ತಿದ್ದೇನೆ ಎಂದು ತಿಳಿದು ಬಿಡಿ. ಬಿಡುವ ಹಕ್ಕು ಇರುವುದು ತನಗೆ ಇದೆ ಎಂದು ತಿಳಿದವಳಿಗೆ.

ಕೊನೆಯದಾಗಿ ಮಠಗಳಿಗೆ ನನ್ನ ಅರಿಕೆ. ನಮ್ಮಲ್ಲಿ ಮಠಕ್ಕೆ ಬಂದು ನ್ಯಾಯ ಕೇಳುವ ಪದ್ಧತಿ ಇದೆ. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠವನ್ನು ನಾಡೆಲ್ಲ ಬಲ್ಲದು. ಹಿರಿಯರು ಹೇಳಿದರೆ ಮನಸ್ಸುಗಳು ಬೇಗ ಕೂಡುತ್ತವೆ, ಖರ್ಚೂ ಉಳಿಯುತ್ತದೆ. ಆದರೆ ಬಾಯಿಮಾತಿನ ಒಪ್ಪಂದಕ್ಕೆ ಕೋರ್ಟಿನ ತೀರ್ಪಿನ ಬಲ ಇರುವುದಿಲ್ಲ. ಮಠದಲ್ಲಿ ಕೂಡಿಬಂದ ಮಾತನ್ನು ನೋಂದಾಯಿತ ಪಾಲುಪತ್ರ ಮಾಡಿಸಿ. ದಾವೆ ನಡೆದಿದ್ದರೆ ಲೋಕ ಅದಾಲತ್ತಿನಲ್ಲಿ ಇಡಿಸಿ. ಅಲ್ಲಿ ಆದ ತೀರ್ಪಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟು ಶುಲ್ಕವೂ ವಾಪಸು ಬರುತ್ತದೆ. ಅದಕ್ಕೂ ಮುಂಚೆ ಪೂಜ್ಯರು ಒಂದು ಪ್ರಶ್ನೆ ತಪ್ಪದೆ ಕೇಳಬೇಕೆಂದು ಬೇಡಿಕೊಳ್ಳುತ್ತೇನೆ. ಅಣ್ಣತಮ್ಮಂದಿರು ಬಂದು ಸನ್ನಿಧಿಯಲ್ಲಿ ಕುಳಿತಾಗ, "ನಿಮ್ಮ ಅಕ್ಕತಂಗಿಯರು ಎಲ್ಲಿ?" ಎಂದು ಕೇಳಿ. ಅವರು ಬಂದು ಕುಳಿತ ಮೇಲೆ ಮಾತು ಶುರುವಾಗಲಿ. ಹಾಗೆ ತೀರಿದ ವ್ಯಾಜ್ಯವನ್ನು ಮುಂದಿನ ತಲೆಮಾರು ಮತ್ತೆ ಎತ್ತುವ ಪ್ರಸಂಗವೇ ಬಾರದು.